ತಾಸು ಎಂಬ ಬಟ್ಟಲು

(ಹೊನವಾಡದಲ್ಲಿ ಗಿರಣಿ ಮಜೂರರು ಮತ್ತು ಸಣ್ಣ ವ್ಯಾಪಾರಸ್ಥರು ಕೂಡಿದ್ದ ಸಭೆಯಲ್ಲಿ ಆಡಿದ ಮಾತುಗಳು)



ನಮ್ಮಂಥ ಸಮಾಜವಾದಿಗಳು ಊರಿಗೆ ಬಂದರೆ ಪಗಾರ, ಬೆಲೆ, ನೀರು, ಸಾಲ ಇವುಗಳ ಮಾತೇ ಆಡುತ್ತಾರೆಂದು ನೀವು ತಿಳಿದು ಬಂದಿದ್ದೀರಿ. ಇಂದು ನಾವು ಒಂದು ಶಬ್ದದ ಮಾತು ಆಡಬೇಕೆಂದಿದ್ದೇವೆ. ಗಾಬರಿಯಾಗಬೇಡಿರಿ. ಇದು ಪಂಡಿತರ ಚರ್ಚೆಯಲ್ಲ; ಪಗಾರದ ಮಾತು ಈ ಶಬ್ದದೊಳಗೇ ಕುಳಿತಿದೆ. ಆ ಶಬ್ದ ನಿಮ್ಮೆಲ್ಲರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವಂಥದು: 'ತಾಸು'.

"ಎರಡ ತಾಸ ಆತು, ಬಸ್ಸ ಬರವಲ್ದು" ಎನ್ನುತ್ತೇವೆ. "ಒಂದ ತಾಸ ತಡಿಯೋ ತಮ್ಮಾ" ಎನ್ನುತ್ತೇವೆ. ಬೆಂಗಳೂರು ಮೈಸೂರಿನವರು ಇಷ್ಟಕ್ಕೆ 'ಗಂಟೆ' ಎನ್ನುತ್ತಾರೆ. ನಮ್ಮ ಹುಡುಗರು ಆ ಕಡೆ ಕೆಲಸಕ್ಕೆ ಹೋಗಿ 'ತಾಸು' ಎಂದರೆ ನಗುವವರುಂಟು. 'ಇದೆಂಥ ಕನ್ನಡ, ಇದು ಮರಾಠಿಯಲ್ಲವೇ' ಎಂದು ಕೇಳುವವರುಂಟು. ಹುಡುಗರು ನಾಚಿಕೊಂಡು ಶಬ್ದವನ್ನು ನುಂಗಿಬಿಡುತ್ತಾರೆ. ನಾಚುವ ಕಾರಣವಿಲ್ಲ. ಆದರೆ 'ಇದು ಅಚ್ಚ ಕನ್ನಡ' ಎಂದು ಎದೆ ತಟ್ಟಿಕೊಳ್ಳುವ ಕಾರಣವೂ ಇಲ್ಲ. ಶಬ್ದದ ಕಥೆ ಅದಕ್ಕಿಂತ ದೊಡ್ಡದು.

ಮೊದಲು ಒಂದು ಸಂಗತಿ ಗಮನಿಸಿರಿ. ನಮ್ಮ ಕಡೆಯ ಮಾತಿನಲ್ಲಿ ಗಂಟೆಯೂ ಉಂಟು, ತಾಸೂ ಉಂಟು. "ಎಷ್ಟು ಗಂಟೆಗೆ ಬಂದಿ?" ಎಂದು ಕೇಳುತ್ತೇವೆ, "ಎಷ್ಟು ತಾಸು ದುಡಿದಿ?" ಎಂದು ಕೇಳುತ್ತೇವೆ. ಹನ್ನೆರಡು ಗಂಟೆ ಬಡಿಯುತ್ತದೆ, ಹನ್ನೆರಡು ತಾಸು ಕಳೆಯುತ್ತದೆ. ಗಡಿಯಾರ ತೋರಿಸುವ ಗುರುತು ಗಂಟೆ, ಮನುಷ್ಯ ಸವೆಸುವ ಅವಧಿ ತಾಸು. ಮರಾಠಿಯವರೂ ಹೀಗೆಯೇ 'ಕಿತೀ ವಾಜಲೇ', ಎಂದರೆ ಎಷ್ಟು ಬಾರಿಸಿತು ಎಂದು ಗಡಿಯಾರ ಕೇಳುತ್ತಾರೆ, ದುಡಿದದ್ದನ್ನು ತಾಸಿನಲ್ಲಿ ಲೆಕ್ಕ ಹಾಕುತ್ತಾರೆ. ಈ ಎರಡನ್ನೂ ಬೇರೆ ಇಟ್ಟ ಭಾಷೆ ಬಡವ ಭಾಷೆಯಲ್ಲ. ಗಿರಣಿಯ ಬಾಗಿಲಲ್ಲಿ ನಿಂತವನಿಗೆ ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದನ್ನು ಮುಂದೆ ಹೇಳುತ್ತೇವೆ.

ಗಂಟೆ ಎಂಬುದು ಎಲ್ಲರಿಗೂ ತಿಳಿದ ಶಬ್ದ. ಗುಡಿಯಲ್ಲಿ ತೂಗುವ ಗಂಟೆಯೇ ಅದು, ಸಂಸ್ಕೃತದ ಘಂಟಾ. ತೆಲುಗಿನವರೂ ಗಂಟ ಎನ್ನುತ್ತಾರೆ, ಹಿಂದಿಯವರು ಘಂಟಾ ಎನ್ನುತ್ತಾರೆ. ತಮಿಳರು ಶಬ್ದ ತಮ್ಮದೇ ಇಟ್ಟುಕೊಂಡು ಅರ್ಥ ಅದನ್ನೇ ಮಾಡಿದರು: ಅವರ 'ಮಣಿ' ಎಂದರೆ ಗಂಟೆಯೂ ಹೌದು, ಹೊತ್ತೂ ಹೌದು. ಇಂಗ್ಲಿಷಿನ 'ಕ್ಲಾಕ್' ಕೂಡ ಗಂಟೆಯೇ. ಹಳೆಯ ಲ್ಯಾಟಿನ್ನಿನಲ್ಲಿ 'ಕ್ಲೋಕ್ಕಾ' ಎಂದರೆ ಗಂಟೆ. ಇಷ್ಟೆಲ್ಲ ದೇಶಗಳಲ್ಲಿ ಬಡವನಿಗೆ ಹೊತ್ತು ಗೊತ್ತಾದದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಬೇರೆ ಯಾರೋ ಬಾರಿಸಿದ ಸದ್ದಿನಿಂದ. 'ಪಹರೆ' ಎಂಬ ಮಾತೂ ಹೀಗೆಯೇ ಹುಟ್ಟಿತು. ಹಗಲಿಗೆ ನಾಲ್ಕು, ರಾತ್ರಿಗೆ ನಾಲ್ಕು ಪ್ರಹರ. ಪ್ರಹರಕ್ಕೊಬ್ಬರಂತೆ ಕಾಯುವದು ಪಹರೆ. ಇಂಗ್ಲಿಷಿನಲ್ಲಿಯೂ 'ವಾಚ್' ಎಂದರೆ ಮೊದಲು ಕಾವಲು, ಆಮೇಲೆ ಕೈಗಡಿಯಾರ. ಇದನ್ನು ನಮ್ಮ ವಾಚಮನ್ ಅಣ್ಣಂದಿರು ನೆನಪಿಡಬೇಕು. ಗಡಿಯಾರದ ಹೆಸರಿಗಿಂತ ಅವರ ಕಸುಬಿನ ಹೆಸರು ಹಳೆಯದು.

ತಾಸಿನ ಕಥೆ ಗಂಟೆಯ ಕಥೆಯಲ್ಲ, ಬಟ್ಟಲಿನ ಕಥೆ.

ಗಡಿಯಾರ ಬರುವ ಮೊದಲು ನಮ್ಮ ನಾಡಿನಲ್ಲಿ ಹೊತ್ತನ್ನು ನೀರಿನಿಂದ ಅಳೆಯುತ್ತಿದ್ದರು. ತೆಳುವಾದ ತಾಮ್ರದ ಒಂದು ಅರೆಗೋಲದ ಬಟ್ಟಲು. ಅದರ ತಳದಲ್ಲಿ ಸೂಜಿ ಹೋಗುವಷ್ಟು ತೂತು. ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ಅದರ ಮೇಲೆ ಈ ಬಟ್ಟಲನ್ನು ತೇಲಿಬಿಡುವದು. ತೂತಿನಿಂದ ನೀರು ಮೇಲೇರುತ್ತ ಏರುತ್ತ ಬಟ್ಟಲು ತುಂಬಿ ಬುಳಕ್ಕೆಂದು ಮುಳುಗುತ್ತದೆ. ಅಷ್ಟು ಹೊತ್ತು ಒಂದು ಗಳಿಗೆ. ಈಗಿನ ಲೆಕ್ಕದಲ್ಲಿ 24 ನಿಮಿಷ. ದಿನವೆಂದರೆ 60 ಗಳಿಗೆ. ಆ ಬಟ್ಟಲು ಹಗಲು ರಾತ್ರಿ ಸೇರಿ 60 ಸಲ ಮುಳುಗಬೇಕು. ಗಳಿಗೆ ಎಂಬ ಶಬ್ದವೇ ಸಂಸ್ಕೃತದ 'ಘಟಿಕಾ', ಎಂದರೆ ಸಣ್ಣ ಗಡಿಗೆ. ನಮ್ಮ ಹಿರಿಯರು ಇದಕ್ಕೆ 'ಗಳಿಗೆ ಬಟ್ಟಲು' ಎಂದರು. ಮದುವೆಯ ಮುಹೂರ್ತಕ್ಕೆ ಪುರೋಹಿತರು ಇದನ್ನು ಇಟ್ಟುಕೊಂಡು ಕೂಡುತ್ತಿದ್ದರು. ಬಟ್ಟಲು ಮುಳುಗಿದಾಗ ಬಾರಿಸಲು ಪಕ್ಕದಲ್ಲಿ ಕಂಚಿನ ದಪ್ಪ ತಟ್ಟೆಯೊಂದು ತೂಗುತ್ತಿತ್ತು. ಅದರ ಹೆಸರು ಘಡಿಯಾಲ. ಅದರಿಂದಲೇ ನಮ್ಮ ಗಡಿಯಾರ.

ಪಾರ್ಸಿ ಭಾಷೆಯಲ್ಲಿ ಇಂಥ ಬಟ್ಟಲಿಗೆ 'ತಾಸ್' ಎಂದು ಹೆಸರು. ಅರಬ್ಬಿಯವರೂ ಅದನ್ನು ತಮ್ಮದಾಗಿಸಿಕೊಂಡು 'ತಾಸಾ' ಎಂದರು. ದಿಲ್ಲಿಯ ಫಿರೋಜಶಹಾ ತುಘಲಕ (ಅವನ ಆಳಿಕೆ 1351ರಿಂದ 1388) ತನ್ನ ಫಿರೋಜಾಬಾದದಲ್ಲಿ ಊರಿಗೆಲ್ಲ ಕೇಳುವಂತೆ ಇಂಥ ನೀರಿನ ಗಡಿಯಾರ ಇಡಿಸಿದ. ಅದನ್ನು ಅವನ ಚರಿತ್ರೆಕಾರ 'ತಾಸ್-ಇ-ಘಡಿಯಾಲ' ಎಂದೇ ಕರೆದ. ನೋಡಿರಿ, ಒಂದು ಹೆಸರಿನಲ್ಲಿ ಎರಡು ಭಾಷೆ. ಬಟ್ಟಲು ಪಾರ್ಸಿಯದು, ತಟ್ಟೆ ನಮ್ಮದು. ಒಂದೇ ಕೆಲಸಕ್ಕೆ ಎರಡೂ ಬಂದು ನಿಂತವು.

ಬಾಬರನೂ ತನ್ನ ಆತ್ಮಕಥೆಯಲ್ಲಿ ಈ ಪದ್ಧತಿಯನ್ನು ಬಹಳ ಕುತೂಹಲದಿಂದ ವಿವರಿಸಿದ್ದಾನೆ. ಅವನಿಗೊಂದು ಕೊರತೆ ಕಂಡಿತು. ರಾತ್ರಿ ಎಚ್ಚರಾದವನಿಗೆ ಮೂರೋ ನಾಲ್ಕೋ ಗಳಿಗೆ ಬಾರಿಸಿದ್ದು ಕೇಳುತ್ತದೆ. ಆದರೆ ಅದು ಯಾವ ಜಾವದ ಗಳಿಗೆ ಎಂದು ತಿಳಿಯುವದು ಹೇಗೆ? ಆಗ ಅವನು, ಗಳಿಗೆಯ ಸದ್ದಾದ ಮೇಲೆ ತುಸು ತಡೆದು ಜಾವದ ಸಂಖ್ಯೆಯನ್ನೂ ಬಾರಿಸಿರಿ ಎಂದು ಅಪ್ಪಣೆ ಮಾಡಿದ. ಬಾದಶಹನಾದರೇನು, ಕೇಳಿದ ಪ್ರಶ್ನೆ ಸಾಮಾನ್ಯ ಮನುಷ್ಯನದೇ. ಬಾರಿಸಿದರೆ ಸಾಲದು, ಕೇಳುವವನಿಗೆ ಲೆಕ್ಕ ತಿಳಿಯುವಂತೆ ಬಾರಿಸಬೇಕು.

ನಮ್ಮ ವಿಜಯಪುರಕ್ಕೆ ಈ 'ತಾಸ್' ಬಂದದ್ದು ಆಶ್ಚರ್ಯವಲ್ಲ. ಬಹಮನಿಗಳು, ಆಮೇಲೆ 1490ರಿಂದ 1686ರವರೆಗೆ ಆದಿಲಶಾಹಿಗಳು ಇಲ್ಲಿ ಆಳಿದರು. ದರಬಾರಿನ ಭಾಷೆ ಪಾರ್ಸಿ. ಮೊದಲನೆಯ ಇಬ್ರಾಹಿಮ ಆದಿಲಶಹ (1534–1558) ಕಂದಾಯದ ಲೆಕ್ಕಪತ್ರಗಳನ್ನು ಪಾರ್ಸಿಯಿಂದ ತೆಗೆದು ದೇಶಭಾಷೆಗೆ ತಂದ. ಬರೆಯುವವರು ಇಲ್ಲಿಯ ಕುಲಕರ್ಣಿ, ದೇಶಪಾಂಡೆಯವರಾದರು. ಲೆಕ್ಕ ದೇಶಭಾಷೆಗೆ ಬಂತು, ಆದರೆ ಲೆಕ್ಕದ ಪಾರ್ಸಿ ಅರಬ್ಬಿ ಶಬ್ದಗಳು ಊರ ಜನರ ಬಾಯಿಗೆ ಇಳಿದವು. ತಾರೀಖು ಅರಬ್ಬಿಯದು. ತಾಸು ಪಾರ್ಸಿಯದು. ಬಟ್ಟಲಿನ ಹೆಸರು ಮೊದಲು ಬಾರಿಸುವ ತಟ್ಟೆಗೆ ಅಂಟಿತು. ತಟ್ಟೆಯಿಂದ ಬಾರಿಸಿದ ಹೊತ್ತಿಗೆ ಅಂಟಿತು. ಮರಾಠಿಯಲ್ಲಿ 'ತಾಸ', ನಮ್ಮಲ್ಲಿ 'ತಾಸು'. ಗೋಳಗುಮ್ಮಟದ ಮುಂದಿನ ನಗಾರಖಾನೆ ಈಗ ವಸ್ತುಸಂಗ್ರಹಾಲಯವಾಗಿದೆ, ನಗಾರಿಯ ಸದ್ದು ನಿಂತು ಶತಮಾನಗಳಾದವು. ಶಬ್ದ ಮಾತ್ರ ನಿಂತಿಲ್ಲ.

ಇದೇ ಬಟ್ಟಲು ಇನ್ನೂ ಎಲ್ಲೆಲ್ಲಿ ಹೋಯಿತೆಂದರೆ ನಿಮಗೆ ನಗು ಬರುತ್ತದೆ. ಅರಬರಿಂದ ಅದು ಯುರೋಪಕ್ಕೆ ಹೋಗಿ ಇಟಲಿಯಲ್ಲಿ 'ತಾತ್ಸಾ', ಸ್ಪೇನಿನಲ್ಲಿ 'ತಾಸಾ', ಫ್ರಾನ್ಸಿನಲ್ಲಿ 'ತಾಸ್' ಆಯಿತು. ಅರ್ಥ, ಕುಡಿಯುವ ಕಪ್ಪು! ನೀವು ಚಹದಂಗಡಿಯಲ್ಲಿ ಒಂದು ತಾಸು ಕುಳಿತಿರೆಂದರೆ, ಪ್ಯಾರಿಸದವನು ಅದೇ ಶಬ್ದದಲ್ಲಿ ಒಂದು ಕಪ್ಪು ಕುಡಿದ. ಬಟ್ಟಲಿಗೆ ಚರ್ಮ ಬಿಗಿದರೆ ತಾಷಾ ಆಯಿತು. ಮೊಹರಮ್ಮಿನಲ್ಲಿ, ಮದುವೆಯ ಮೆರವಣಿಗೆಯಲ್ಲಿ ಸಣ್ಣ ಕಡ್ಡಿಗಳಿಂದ ತಟತಟ ಬಾರಿಸುವ ಅದೇ ತಾಷಾ. ಅದನ್ನು ಬಗಲಲ್ಲಿ ಕಟ್ಟಿಕೊಂಡು ನಮ್ಮ ದೇಶದ ಗಿರಮಿಟ್ ಕೂಲಿಗಳು, 1845ರಿಂದ 1917ರವರೆಗೆ, ಕಬ್ಬಿನ ತೋಟದಲ್ಲಿ ದುಡಿಯಲು ಟ್ರಿನಿಡಾಡ ದ್ವೀಪಕ್ಕೆ ಹೋದರು. ಅಲ್ಲಿ ಅದಕ್ಕೆ ಇಂದಿಗೂ 'ತಾಸಾ' ಎನ್ನುತ್ತಾರೆ. ಸುಲ್ತಾನನ ಅಂಗಳದ ಬಟ್ಟಲಿನ ಹೆಸರು ಕೂಲಿಯವನ ಜತೆಗೆ ಏಳು ಸಮುದ್ರ ದಾಟಿತು.

ಈಗ ಗಡಿಯ ಮಾತು. ಹೊನವಾಡದಿಂದ ಮಹಾರಾಷ್ಟ್ರದ ಗಡಿ ದೂರವಿಲ್ಲ. ಆಚೆ ಜತ್ತ ತಾಲೂಕಿನ ಅನೇಕ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತು. ಈಚೆ ನಮ್ಮಲ್ಲಿ ಮರಾಠಿ ಆಡುವ ಮನೆಗಳಿವೆ, ದಖನಿ ಉರ್ದು ಆಡುವ ಮನೆಗಳಿವೆ. ನಮ್ಮ ಒಣದ್ರಾಕ್ಷಿ ತಾಸಗಾಂವಿ, ಸಾಂಗಲಿಯ ಪೇಟೆಗೆ ಹೋಗುತ್ತದೆ. ಗಡಿ ತಂಟೆಯಲ್ಲಿ ಎರಡೂ ಕಡೆ ಮುಖಂಡರು ಗಂಟಲು ಹರಿದುಕೊಂಡರು. 1967ರಲ್ಲಿ ಮಹಾಜನ ವರದಿ ಬಂತು, ಆಮೇಲೆಯೂ ತಂಟೆ ಮುಗಿಯಲಿಲ್ಲ. ಅವರು 'ತಾಸ ಮರಾಠಿಯ ಶಬ್ದ' ಎಂದರೆ, ನಮ್ಮವರು 'ಹಾಗಾದರೆ ನಮಗೆ ಬೇಡ, ಗಂಟೆ ಎನ್ನೋಣ' ಎನ್ನುತ್ತಾರೆ. ಇಬ್ಬರಿಗೂ ನಾವು ಕೇಳುವದು ಇಷ್ಟೇ: ಇಬ್ಬರೂ ಸಾಲ ತಂದ ವಸ್ತುವಿಗೆ ಒಬ್ಬನು ಮಾಲಕನಾಗುವದು, ಇನ್ನೊಬ್ಬನು ಕಳ್ಳನಾಗುವದು ಯಾವ ನ್ಯಾಯ?

ಸಾಲ ತಂದ ಶಬ್ದಕ್ಕೆ ಸ್ವಂತದ ಜಾತಕ ಬರೆಯುವ ಆಸೆ ಹೊಸದಲ್ಲ. ಪಂಚಾಂಗದಲ್ಲಿ 'ಹೋರಾ' ಎಂಬುದಿದೆಯಲ್ಲ, ಶನಿ ಹೋರೆ, ಗುರು ಹೋರೆ ಎಂದು? ಅದು ಗ್ರೀಕರ 'ಹೋರಾ'. ಯವನರ ಜ್ಯೋತಿಷದೊಡನೆ ನಮ್ಮಲ್ಲಿಗೆ ಬಂದದ್ದು. ಆರನೆಯ ಶತಮಾನದ ವರಾಹಮಿಹಿರ ಬೃಹಜ್ಜಾತಕದಲ್ಲಿ ಕೆಲವರ ಮತವೊಂದನ್ನು ಹೇಳುತ್ತಾನೆ: 'ಅಹೋರಾತ್ರ' ಎಂಬ ಶಬ್ದದ ಮೊದಲಿನ 'ಅ', ಕೊನೆಯ 'ತ್ರ' ಕಳೆದರೆ 'ಹೋರಾ' ಆಗುತ್ತದಂತೆ! ಲೆಕ್ಕ ಚೆನ್ನಾಗಿದೆ, ತಲೆ ಬಾಲ ಕತ್ತರಿಸಿದರೆ ಯಾವ ಕುರಿಯೂ ನಮ್ಮ ದೊಡ್ಡಿಯದೇ. ಆ ಗ್ರೀಕ ಶಬ್ದವೇ ಲ್ಯಾಟಿನ್ನಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿನ 'ಅವರ್' ಆಯಿತು. ಪೋರ್ತುಗೀಸರ 'ಓರಾ' ಆಗಿ ಗೋವೆಗೆ ಬಂತು. ಗೋವೆಯ, ಮಂಗಳೂರಿನ ಕ್ರೈಸ್ತ ಕೊಂಕಣಿಗರು ಹೊತ್ತು ಕೇಳುವಾಗ 'ವೊರಾಂ' ಎನ್ನುತ್ತಾರೆ. ಒಂದೇ ಶಬ್ದ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ ಎರಡು ಹಾದಿಯಿಂದ ಕರ್ನಾಟಕಕ್ಕೆ ಬಂತು. ಒಂದು ಸಲ ಜೋಯಿಸರ ಚೀಲದಲ್ಲಿ, ಇನ್ನೊಂದು ಸಲ ಪಾದ್ರಿಗಳ ಹಡಗಿನಲ್ಲಿ. ಮೊದಲನೆಯದಕ್ಕೆ ಮಡಿ, ಎರಡನೆಯದಕ್ಕೆ ಮೈಲಿಗೆ ಎನ್ನುವವರನ್ನು ಏನೆನ್ನಬೇಕು?

ದುಡಿಯುವವನ ಬಾಯಲ್ಲಿ ಇಂಥ ಮಡಿ ನಡೆಯುವದಿಲ್ಲ. ಮಜೂರ ಪಾರ್ಸಿಯದು. ಹಾಜರಿ ಅರಬ್ಬಿಯದು, ಕಾಯಿದೆಯೂ ಅರಬ್ಬಿಯದೇ. ಪಗಾರ ಪೋರ್ತುಗೀಸರದು. ಸೂಟಿ ಮರಾಠಿ ಹಿಂದಿಯವರದು. ಓವರ್‌ಟೈಮು ಇಂಗ್ಲಿಷರದು. ಇವನ್ನೆಲ್ಲ ಹೊರಗೆ ಹಾಕಿದರೆ ಗಿರಣಿಯಲ್ಲಿ ನಮ್ಮ ಪಾಲಿಗೆ ಉಳಿಯುವದು ಬೆವರೊಂದೇ.

ಶಬ್ದ ಯಾರದೆಂಬ ಜಗಳವನ್ನು ಇಲ್ಲಿಗೆ ಬಿಡೋಣ. ನಮಗೆ ಬೇಕಾದ ಜಗಳ ಬೇರೆ. ಈ ಬಟ್ಟಲನ್ನು ನೀರಿನ ಮೇಲೆ ಇಡುವ ಕೈ ಯಾರದು?

ಗಳಿಗೆ ಬಟ್ಟಲಿನಲ್ಲಿ ಒಂದು ದೋಷವುಂಟು. ಬಳಸುತ್ತ ಬಳಸುತ್ತ ತೂತು ಸವೆದು ದೊಡ್ಡದಾಗುತ್ತದೆ, ಬಟ್ಟಲು ಬೇಗ ಮುಳುಗುತ್ತದೆ. ನೀರಿನಲ್ಲಿ ಕಸವಿದ್ದರೆ ತೂತು ಕಟ್ಟಿ ತಡವಾಗಿ ಮುಳುಗುತ್ತದೆ. ಕಾಯುವವನ ಕೈಯಲ್ಲಿ ಎಲ್ಲ ಇದೆ. ಯಂತ್ರದ ಗಡಿಯಾರ ಬಂದ ಮೇಲೆ ಈ ದೋಷ ಹೋಯಿತೆಂದು ತಿಳಿಯಬೇಡಿರಿ. ಇಂಗ್ಲಂಡ ಸ್ಕಾಟ್ಲಂಡಿನ ಗಿರಣಿಗಳಲ್ಲಿ ದುಡಿದವರು 19ನೆಯ ಶತಮಾನದಲ್ಲಿ ತಾವೇ ಬರೆದಿಟ್ಟಿದ್ದಾರೆ: ಮಾಲಕರು ಬೆಳಿಗ್ಗೆ ಮುಳ್ಳನ್ನು ಮುಂದಕ್ಕೂ ಸಂಜೆ ಹಿಂದಕ್ಕೂ ಸರಿಸುತ್ತಿದ್ದರು, ಕೆಲಸಗಾರ ಕಿಸೆಗಡಿಯಾರ ತರಕೂಡದೆಂಬ ನಿರ್ಬಂಧವಿತ್ತು. ಗಿರಣಿ ತಪಾಸಣೆ ಅಧಿಕಾರಿಗಳ ವರದಿಗಳಲ್ಲಿಯೂ ಹೀಗೆ ನಿಮಿಷ ನಿಮಿಷ ಕದಿಯುವದರ ಮಾತು ಬಂದಿದೆ. ಕಾರ್ಲ ಮಾರ್ಕ್ಸ ಅದನ್ನು 'ಬಂಡವಾಳ'ದಲ್ಲಿ ಎತ್ತಿ ತೋರಿಸಿದ್ದಾನೆ.

ನಾವೇ ಲೆಕ್ಕ ಹಾಕೋಣ. ದಿನಕ್ಕೆ ಐದೇ ನಿಮಿಷ. ವರ್ಷಕ್ಕೆ ಕೆಲಸದ ದಿನ 300 ಎನ್ನಿರಿ. ಆಯಿತು 1500 ನಿಮಿಷ, ಎಂದರೆ 25 ತಾಸು. ಎಂಟು ತಾಸಿನ ದಿನವೆಂದರೆ ಮೂರು ದಿನದ ಮೇಲೆ ಒಂದು ತಾಸು ಪುಕ್ಕಟೆ ದುಡಿತ. ನೂರು ಜನ ಇದ್ದ ಕಾರಖಾನೆಯಲ್ಲಿ ಅದು 2500 ತಾಸು. ಒಬ್ಬ ಮಜೂರ ಇಡೀ ವರ್ಷ ದುಡಿಯುವದು 2400 ತಾಸು. ನೂರು ಜನರಿಂದ ಐದೈದು ನಿಮಿಷ ಹಿರಿದುಕೊಂಡವನಿಗೆ ವರ್ಷಪೂರ್ತಿ ಒಬ್ಬ ಆಳು ಬಿಟ್ಟಿ ಸಿಕ್ಕಂತಾಯಿತು, ನೂರು ತಾಸು ಮೇಲೆ ಕೊಸರು.

ಮುಂಬಯಿಯ ಗಿರಣಿಗಳಲ್ಲಿ ಮೊದಮೊದಲು ಗಡಿಯಾರದ ಮಾತೇ ಇರಲಿಲ್ಲ. ಹೊತ್ತು ಮೂಡಿದಾಗಿನಿಂದ ಮುಳುಗುವತನಕ ಕೆಲಸ. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಮಜೂರರನ್ನು ಕೂಡಿಸಿ ಸುಮಾರು 5,500 ಸಹಿಗಳ ಅರ್ಜಿ ಮಾಡಿದರು. ಕೇಳಿದ್ದೇನು? ವಾರಕ್ಕೊಂದು ಸೂಟಿ, ಮಧ್ಯಾಹ್ನ ಅರ್ಧ ತಾಸು ವಿರಾಮ, ಬೆಳಿಗ್ಗೆ ಆರೂವರೆಯಿಂದ ಹೊತ್ತು ಮುಳುಗುವವರೆಗೆ ಮಾತ್ರ ಕೆಲಸ. ಅಷ್ಟನ್ನು ಕೇಳುವದೇ ಅಂದು ದೊಡ್ಡ ಧೈರ್ಯ. ರವಿವಾರದ ಸೂಟಿ 1890ರಲ್ಲಿ ಸಿಕ್ಕಿತು. ಆಮೇಲೆ ಗಿರಣಿಗಳಲ್ಲಿ ವಿದ್ಯುದ್ದೀಪ ಬಂತು. ಬೆಳಕು ಬಂದದ್ದು ಮಜೂರನ ಪಾಲಿಗೆ ಕತ್ತಲಾಯಿತು, ಹದಿನಾಲ್ಕು ಹದಿನೈದು ತಾಸು ದುಡಿಸಿದರು.

1906ರಲ್ಲಿ ನಡೆದದ್ದು ಇನ್ನೂ ವಿಚಿತ್ರ. ಆವರೆಗೆ ಮುಂಬಯಿಗೆ ಅದರದೇ ಹೊತ್ತು ಇತ್ತು, ಸೂರ್ಯನನ್ನು ನೋಡಿ ಇಟ್ಟದ್ದು. ಸರಕಾರ ಇಡೀ ದೇಶಕ್ಕೆ ಒಂದೇ ಹೊತ್ತು ಎಂದು ಸಾರಿದಾಗ ಮುಂಬಯಿಯ ಗಡಿಯಾರಗಳು 39 ನಿಮಿಷ ಮುಂದೆ ಓಡಬೇಕಾಯಿತು. ಗಿರಣಿ ಮಜೂರನಿಗೆ ಇದರ ಅರ್ಥವೇನು? ನಿನ್ನೆಯ ಆರು ಗಂಟೆಗಿಂತ ಇಂದಿನ ಆರು ಗಂಟೆ 39 ನಿಮಿಷ ಕತ್ತಲೆಯಲ್ಲಿದೆ. ಆ ಜನವರಿಯಲ್ಲಿ ಗಿರಣಿಯ ಜನ ಕೆಲಸ ಬಿಟ್ಟು ಬೀದಿಗೆ ಬಂದರು. ನಗರಸಭೆಯ ಗಡಿಯಾರಗಳು ಹಳೆಯ ಮುಂಬಯಿ ಹೊತ್ತನ್ನೇ ಹಿಡಿದು, ಸ್ವಾತಂತ್ರ್ಯ ಬಂದ ಮೇಲೂ ಕೆಲ ಕಾಲ ಬಿಡಲಿಲ್ಲ. ನಮ್ಮ ವಿಜಾಪುರ ಅಂದು ಮುಂಬಯಿ ಇಲಾಖೆಯಲ್ಲಿತ್ತು. ಇಂದಿಗೂ ಇಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದಾಗ ಗಡಿಯಾರ ಸರಾಸರಿ 12 ಗಂಟೆ 27 ನಿಮಿಷ ತೋರಿಸುತ್ತದೆ. ದ್ರಾಕ್ಷಿ ತೋಟಕ್ಕೆ ಬೆಳಗಿನ ಆರಕ್ಕೆ ಗಾಡಿ ಹತ್ತುವ ತಾಯಂದಿರು ಸೂರ್ಯನ ಲೆಕ್ಕದಲ್ಲಿ ಐದೂವರೆಗೇ ಹತ್ತಿರುತ್ತಾರೆ. ದೇಶಕ್ಕೆ ಒಂದು ಹೊತ್ತು ಇರಬೇಕು, ರೈಲು ಓಡಬೇಕು, ಅದು ನಮಗೂ ಒಪ್ಪಿಗೆ. ಆದರೆ ಗಾಡಿ ಹತ್ತಿದ್ದರಿಂದ ಇಳಿಯುವವರೆಗಿನ ತಾಸುಗಳನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಕೂಲಿಯ ಲೆಕ್ಕಕ್ಕಂತೂ ಅದನ್ನು ಯಾರೂ ಬರೆಯುವದಿಲ್ಲ.

ಇಲ್ಲಿಯೇ ಗಂಟೆ ಮತ್ತು ತಾಸಿನ ವ್ಯತ್ಯಾಸ ಮುಖ್ಯ. ಗಂಟೆ ಮಾಲಕನ ಭೋಂಗಾ ಹೇಳುತ್ತದೆ. ತಾಸು ನಮ್ಮ ಮೈ ಹೇಳುತ್ತದೆ. ಪಗಾರ ಕೊಡಬೇಕಾದದ್ದು ತಾಸಿಗೆ.

ತಾಸು ಇಳಿದದ್ದು ಒಂದೇ ದಿನದಲ್ಲಿ ಅಲ್ಲ. 1911ರ ಕಾಯಿದೆ ಬಟ್ಟೆ ಗಿರಣಿಯ ಗಂಡಸರಿಗೆ ದಿನಕ್ಕೆ 12 ತಾಸು ಎಂದಿತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲನೆಯ ಒಪ್ಪಂದ ಜಗತ್ತಿಗೆ ದಿನಕ್ಕೆ 8, ವಾರಕ್ಕೆ 48 ಎಂದು ಸಾರಿತು. ಹಿಂದುಸ್ತಾನದ ಮಜೂರನಿಗೆ ಮಾತ್ರ ವಾರಕ್ಕೆ 60 ಸಾಕೆಂದರು. 1934ರಲ್ಲಿ 54 ಆಯಿತು. ಡಾ. ಅಂಬೇಡ್ಕರರು ವೈಸರಾಯರ ಮಂಡಲದಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದಾಗ, 1946ರಲ್ಲಿ, 48ಕ್ಕೆ ಇಳಿಯಿತು. ಸ್ವತಂತ್ರ ದೇಶದ 1948ರ ಕಾರಖಾನೆ ಕಾಯಿದೆ ಅದನ್ನು ಗಟ್ಟಿ ಮಾಡಿ, ಮೇಲಿನ ತಾಸಿಗೆ ಇಮ್ಮಡಿ ಪಗಾರ ಎಂದಿತು. ಲೋಖಂಡೆಯವರ ಅರ್ಜಿಯಿಂದ ಲೆಕ್ಕ ಹಾಕಿದರೆ 64 ವರ್ಷ.

ಏರಿಸಲು ಅಷ್ಟು ವರ್ಷ ಬೇಡ. 2023ರಲ್ಲಿ ಕರ್ನಾಟಕದ ವಿಧಾನಮಂಡಲ ಒಂದು ತಿದ್ದುಪಡಿ ಮಾಡಿ, ವಾರದ 48 ಹಾಗೆಯೇ ಇರಲಿ, ದಿನದ ಕೆಲಸ 12 ತಾಸಿನವರೆಗೆ ಹಿಗ್ಗಬಹುದು ಎಂದಿತು. ಮೂರು ತಿಂಗಳಿಗೆ 75 ತಾಸಿದ್ದ ಓವರ್‌ಟೈಮು 144ಕ್ಕೆ ಏರಿತು. ಅದೇ ವರ್ಷ ತಮಿಳುನಾಡು ಇಂಥದೇ ಮಸೂದೆ ತಂದಾಗ ಕಾರ್ಮಿಕ ಸಂಘಗಳೆಲ್ಲ ಒಂದಾಗಿ ಎದ್ದವು, ಕೆಲವೇ ದಿನಗಳಲ್ಲಿ ಅದನ್ನು ಹಿಂದೆಗೆದುಕೊಳ್ಳಬೇಕಾಯಿತು. ನಮ್ಮಲ್ಲಿ ಅಂಥ ಎದ್ದು ನಿಲ್ಲುವಿಕೆ ಕಾಣಲಿಲ್ಲ, ಇದನ್ನು ಖೇದದಿಂದ ಹೇಳಬೇಕು. 2023ರಲ್ಲಿಯೇ ದೊಡ್ಡ ಉದ್ಯಮಪತಿಯೊಬ್ಬರು ತರುಣರು ವಾರಕ್ಕೆ 70 ತಾಸು ದುಡಿಯಬೇಕೆಂದರು. 2025ರ ಆರಂಭದಲ್ಲಿ ಇನ್ನೊಬ್ಬರು 90 ಎಂದರು. ಹರಾಜಿನಲ್ಲಿ ಕೂಗಿದ ಹಾಗೆ! 2025ರ ನವೆಂಬರ 21ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿಯೂ ದಿನಕ್ಕೆ 8 ತಾಸು ಎಂಬ ಮಾತಿದೆ, ಹೆಚ್ಚಿನದಕ್ಕೆ ಇಮ್ಮಡಿ ಎಂಬ ಮಾತಿದೆ. ಆದರೆ ವಿರಾಮವೆಲ್ಲ ಕೂಡಿ ಆ ದಿನ ಎಷ್ಟು ಉದ್ದ ಚಾಚಬಹುದು ಎಂಬುದನ್ನು ಸರಕಾರಗಳ ಆದೇಶಕ್ಕೆ ಬಿಟ್ಟಿದ್ದಾರೆ. ಬಟ್ಟಲಿನ ತೂತು ಅಲ್ಲಿದೆ.

ವ್ಯಾಪಾರಸ್ಥ ಬಂಧುಗಳು 'ಇದೆಲ್ಲ ಮಜೂರರ ಮಾತಾಯಿತು, ನಮಗೇನು' ಎಂದುಕೊಳ್ಳುತ್ತಿರಬಹುದು. ನಿಮ್ಮ ಪಾಲಿಗೆ ಬೇರೊಂದು ಸಾಲದ ಶಬ್ದವಿದೆ: ಹಪ್ತೆ. ಪಾರ್ಸಿಯಲ್ಲಿ 'ಹಫ್ತ್' ಎಂದರೆ ಏಳು, ನಮ್ಮ ಸಪ್ತದ ದಾಯಾದಿ. ಹಫ್ತಾ ಎಂದರೆ ಏಳು ದಿನ, ವಾರ. ಹಿಂದಿಯಲ್ಲಿ ಇಂದಿಗೂ ಆ ಅರ್ಥವುಂಟು. ಮರಾಠಿಗೆ, ನಮ್ಮ ಕಡೆಗೆ ಬರುವಷ್ಟರಲ್ಲಿ ಅದು ಸಾಲದ ಕಂತಾಯಿತು. ಮುಂಬಯಿಯ ಪೇಟೆಯಲ್ಲಿ ಅದು ಗೂಂಡಾನಿಗೆ, ಸಿಪಾಯಿಗೆ ವಾರವಾರ ಕೊಡುವ ಲಂಚವಾಯಿತು. ಪಾಪ, ವಾರ ಮಾಡಿದ ತಪ್ಪೇನು! ಬಡವನ ವಾರವನ್ನು ಯಾರಾದರೊಬ್ಬರು ಬಂದು ಒಯ್ಯುತ್ತಲೇ ಇದ್ದುದರಿಂದ, ಒಯ್ಯುವದಕ್ಕೇ ವಾರದ ಹೆಸರು ಬಿತ್ತು. ಸಂತೆಯಲ್ಲಿ ಕಾಯಿಪಲ್ಲೆ ಹಚ್ಚುವ ಅಕ್ಕ ಗುಂಪುಸಾಲದ ಹಪ್ತೆ ಕಟ್ಟಲು ವಾರ ಎಣಿಸುತ್ತಾಳೆ. ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬೀದಿ ವ್ಯಾಪಾರಿಗಳಿಗೆ 2014ರ ಕಾಯಿದೆ ಕೂಡುವ ಹಕ್ಕು ಕೊಟ್ಟಿದೆ. ಹಕ್ಕಿನ ಪತ್ರ ಕೈಯಲ್ಲಿದ್ದವನನ್ನು ಹಪ್ತೆ ಕೇಳುವದು ಕಷ್ಟ. ಇನ್ನು ಕಿರಾಣಿ ಅಂಗಡಿಯವನು ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುತ್ತಾನೆ. ಹದಿನಾರು ತಾಸು. ತನ್ನ ತಾಸಿಗೆ ಬೆಲೆಯೇ ಕಟ್ಟದೆ ಅದನ್ನು ಲಾಭ ಎಂದುಕೊಳ್ಳುತ್ತಾನೆ. ದಿನಕ್ಕೆ ಎಂಟು ತಾಸಿನ ಕೂಲಿ ಕಳೆದು ಲೆಕ್ಕ ಬರೆದು ನೋಡಲಿ, ಬಹಳ ಅಂಗಡಿಗಳು ನಷ್ಟದಲ್ಲಿವೆ. ಅವನೂ ಮಜೂರನೇ, ಗಲ್ಲೆಯ ಹಿಂದೆ ಕುಳಿತಿದ್ದಾನೆ ಅಷ್ಟೇ.

ಕೊನೆಗೆ ಒಂದು ಕೆಲಸ ಹೇಳಿ ಕೂಡುತ್ತೇವೆ. 1948ರ ಕಾಯಿದೆಯ 108ನೆಯ ಕಲಮು, ಕಾರಖಾನೆಯಲ್ಲಿ ಹಚ್ಚುವ ನೋಟೀಸುಗಳು ಇಂಗ್ಲಿಷಿನಲ್ಲಿ ಮತ್ತು ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕೆಂದಿತ್ತು. ತಿಳಿಯುವ ಭಾಷೆ ಎಂದರೆ ಯಾವುದು? 'ಕರ್ತವ್ಯಾವಧಿ', 'ಹೆಚ್ಚುವರಿ ಕಾರ್ಯಾವಧಿ ಭತ್ಯೆ' ಎಂದು ಬರೆದ ಹಲಗೆಯನ್ನು ನಮ್ಮ ಮಜೂರ ದೇವರ ಪಟದ ಹಾಗೆ ದೂರದಿಂದ ನೋಡಿ ಹೋಗುತ್ತಾನೆ. ಜಿನ್ನಿಂಗ್ ಗಿರಣಿಯಾಗಲಿ, ಸಕ್ಕರೆ ಕಾರಖಾನೆಯಾಗಲಿ, ಒಣದ್ರಾಕ್ಷಿಯ ಶೆಡ್ಡಾಗಲಿ, ಬಾಗಿಲಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಬಲ್ಲವರಿಗೆ ಒಂದೇ ಸಲಕ್ಕೆ ತಿಳಿಯುವ ಹಲಗೆಯೊಂದನ್ನು ಹಚ್ಚಿರೆಂದು ಮಾಲಕರನ್ನು ಕೇಳೋಣ. ಅವರು ಹಚ್ಚದಿದ್ದರೆ ಹಲಗೆ, ಬಣ್ಣ ನಾವು ತರುತ್ತೇವೆ; ಅಕ್ಷರ ಚೆನ್ನಾಗಿರುವವರು ನಿಮ್ಮಲ್ಲಿ ಯಾರಾದರೂ ಬರೆಯಿರಿ. ಬರೆಯಬೇಕಾದದ್ದು ಇಷ್ಟು:

ದಿನದ ಕೆಲಸ 8 ತಾಸು. ಮೇಲಿನ ಪ್ರತಿ ತಾಸಿಗೆ ಎರಡು ಪಟ್ಟು ಪಗಾರ. ಹಾಜರಿ ಪುಸ್ತಕ ನೋಡಲು ಸಿಗುತ್ತದೆ.